ಚಂದ್ರನ ಟೆಲಿಪ್ರಿಂಟರ್

ಒಂದು ಕಾಲಕ್ಕೆ ಹುಬ್ಬಳ್ಳಿಯ ತಂತಿ ಕಚೇರಿಯಲ್ಲಿ ಆಕಾಶದ ಚಂದ್ರನ ಮೇಲಿನ ಗಣಿಯಿಂದ ಬಂದ ಸುದ್ದಿಯನ್ನು ಕಾಗದದ ಮೇಲೆ ಹೊಡೆಯುವ ಟೆಲಿಪ್ರಿಂಟರುಗಳು ಸಾಲಾಗಿ ಕೂತು ಹಗಲೆಲ್ಲ ಗದ್ದಲ ಹಾಕುತ್ತಿದ್ದವು. ಈಗ ಎಲ್ಲರ ಕಿಸೆಯಲ್ಲೂ ಫೋನು. ಕಚೇರಿಯ ಹಳೆಯ ನೌಕರಳು ಶಾಂತವ್ವನ ಮುಂದಿನ ಯಂತ್ರವೊಂದೇ ಉಳಿದಿತ್ತು. ಚಂದ್ರನ ಮೇಲಿನ ಆ ಗಣಿಯೂ ಮುಚ್ಚಿ, ಅಲ್ಲಿದ್ದವರೆಲ್ಲ ಮರಳಿದ್ದರು, ಅಲ್ಲೇ ಮಣ್ಣಾದ ಅವಳ ಗಂಡ ಫಕೀರಪ್ಪನೊಬ್ಬನನ್ನು ಬಿಟ್ಟು.

'ಯಾರು?' ಎಂಬ ಗುಂಡಿ ಒತ್ತಿದರೆ, ಹತ್ತಿರ ಯಾರೂ ಇಲ್ಲದಿದ್ದರೂ ಚಂದ್ರನ ಮೇಲಿನ ಯಂತ್ರ ತನ್ನ ಹೆಸರನ್ನು ತಾನೇ ಹೊಡೆದು ಕಳಿಸುತ್ತದೆ. ಫಕೀರಪ್ಪ ಬದುಕಿದ್ದಾಗ ಆ ಹೆಸರಿನ ಜೊತೆಗೆ ಎರಡು ಮಾತು ಸೇರಿಸಿಟ್ಟಿದ್ದ. ದಿನಾ ಮಧ್ಯಾಹ್ನ ಶಾಂತವ್ವ ಗುಂಡಿ ಒತ್ತಿ, ಬಂದ ಮಾತಿಗೆ 'ಆತು' ಎಂದು ಉತ್ತರ ಹೊಡೆಯುತ್ತಿದ್ದಳು.

"ಅಕ್ಕಾರ, ಇವತ್ತ ಲೈನ್ ಬಂದ್ ಮಾಡ್ಬೇಕ್ರಿ," ಎಂದಳು ಹೊಸ ಅಧಿಕಾರಿ ನಾಗವೇಣಿ. "ಕಡೀಗೊಮ್ಮೆ ಏನರ ಹೊಡೀತೀರೇನು?"

ಶಾಂತವ್ವ ಗುಂಡಿ ಒತ್ತಿದಳು. ಕಾಗದದ ಮೇಲೆ ಅಕ್ಷರ ಮೂಡಿದವು: ಚಂದ್ರ ಠಾಣೆ. ಊಟ ಆತೇನು?

ಅವಳ ಬೆರಳು ಕೀಲಿಯ ಮೇಲೇ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದು ಬುತ್ತಿ ಬಿಚ್ಚಿದಳು.

"ಮುಂಜಾನಿಂದ ತುತ್ತು ಇಳಿದಿಲ್ಲವ್ವಾ. ಅವ್ರಿಗೆ ನಾ ಎಂದೂ ಸುಳ್ಳ ಹೇಳಿಲ್ಲ."

ನಾಗವೇಣಿ ಲೈನಿನ ಸ್ವಿಚ್ಚಿನ ಮೇಲಿಟ್ಟಿದ್ದ ಕೈ ತೆಗೆದು ಕುರ್ಚಿ ಎಳೆದುಕೊಂಡಳು.

"ಸಾವಕಾಶ ಉಣ್ರಿ. ನನಗೂ ಅರ್ಧ ರೊಟ್ಟಿ ಕೊಡ್ರಿ."

ಆ ಒಂದು ರೊಟ್ಟಿ ಮುಗಿಯಲು ಇಬ್ಬರಿಗೂ ಸಂಜೆಯಾಯಿತು.