ಮಹಡಿ ಹುಡುಗಿಯರ ಮೇಲಿನ ದೂರು

ಪತ್ರ ಬರೆದವಳು ಪಕ್ಕದ ಮನೆಯ ಜಲಜಾಳೇ. ಸತ್ಯವತಿಗೆ ಅನುಮಾನವೇ ಇರಲಿಲ್ಲ.

"ಏನೇ ಜಲಜಾ, ಆ ಮಕ್ಕಳು ಇಲ್ಲಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಬೇಲಿಯ ಮೇಲಿಂದಲೇ ಕೇಳಿದಳು.

"ನಾನ್ಯಾಕ್ರೀ ಲೆಟರ್ ಬರೀಲಿ? ನಮ್ಮತ್ತೆಗೇ ಬರೆದು ವರ್ಷವಾಯ್ತು."

ಅದನ್ನು ನಂಬುವವರು ಯಾರು?

ಅದು ೧೯೮೫, ಅಮೆರಿಕದ ನೆವಾರ್ಕ್ ಊರು. ಸತ್ಯವತಿಯ ಮಹಡಿಯಲ್ಲಿ ಬಾಡಿಗೆಗಿದ್ದವರು ಮಲೇಷ್ಯಾದಿಂದ ಸ್ಕಾಲರ್‌ಶಿಪ್ ಮೇಲೆ ಕಾಲೇಜಿಗೆ ಬಂದ ಐವರು ಮಲಯ್ ಹುಡುಗಿಯರು. ಪರೀಕ್ಷೆ ಹತ್ತಿರವಾದಾಗ ಒಂದು ಮಧ್ಯಾಹ್ನ ಸಲ್ಮಾ ಪುಸ್ತಕದ ಮುಂದೆ ಕಿರುಚಿ ಬಿದ್ದಳು. ಹಿಡಿಯಲು ಹೋದ ರೋಹಾನಾಳೂ ಬಿದ್ದಳು. ಕಾಲು ಗಂಟೆಯಲ್ಲಿ ಐವರೂ ನೆಲದ ಮೇಲೆ. ಕಿರುಚಾಟ ಫ್ರೀವೇವರೆಗೂ ಕೇಳಿರಬೇಕು. ಆಮೇಲೆ ವಾರಕ್ಕೆರಡು ಸಲ ಇದೇ ಕಥೆ. ದೇಹಕ್ಕೇನೂ ಆಗಿಲ್ಲ, ಓದಿನ ಒತ್ತಡವನ್ನು ಮನಸ್ಸು ತಡೆಯುತ್ತಿಲ್ಲ ಎಂದರು ಡಾಕ್ಟರು.

ಸತ್ಯವತಿ ಸುದ್ದಿಯನ್ನು ಹೊಸಿಲು ದಾಟಿಸಲಿಲ್ಲ. ಸ್ಕಾಲರ್‌ಶಿಪ್ ಆಫೀಸಿಗೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಅಮೆರಿಕದಿಂದ ವಾಪಸಾದ ಹುಡುಗಿ ಊರಲ್ಲಿ ಹೇಗೆ ಮುಖ ತೋರಿಸಿಯಾಳು?

ಈಗ ಯಾರೋ ಸಹಿಯಿಲ್ಲದೆ ಎಲ್ಲವನ್ನೂ ಆ ಆಫೀಸಿಗೇ ಬರೆದು ಹಾಕಿದ್ದರು; ಬೆಳಿಗ್ಗೆ ಅಲ್ಲಿಂದ ಫೋನ್ ಬಂದಿತ್ತು. ಸಂಜೆ ಆಫೀಸರು ವಿಚಾರಣೆಗೆ ಬಂದರು.

ಹೆಣ್ಣು ನೋಡಲು ಬಂದವರನ್ನು ಸತ್ಕರಿಸುವಂತೆ ಸತ್ಯವತಿ ಅವರನ್ನು ಉಪಚರಿಸಿದಳು. ಬಿಸಿ ಕೇಸರಿಬಾತು, ಕಾಫಿ. ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು.

"ಇವರು ಕಿರುಚಿ ಬೀಳೋದು ನಿಜವೇ?"

"ಹಾಡು ಕಲೀತಿದ್ದಾರೆ ಸಾರ್. ಕೇಳಿದೋರು ಕಿರುಚಾಟ ಅಂದ್ಕೊಂಡ್ರೆ ಅವರ ತಪ್ಪಲ್ಲ."

ಸಲ್ಮಾ ಬಾಯಿ ತೆರೆದಳು. "ಸಾರ್, ನಾವು..."

"ತಿನ್ನು ಮಗೂ, ಆರಿಹೋಗುತ್ತೆ." ಸತ್ಯವತಿ ಅವಳ ಬಾಯಿಗೇ ಒಂದು ಚಮಚ ಕೇಸರಿಬಾತು ತುರುಕಿದಳು.

ಅದು ಗಂಟಲಿಳಿಯುವಷ್ಟರಲ್ಲಿ ಆಫೀಸರು ನಗುತ್ತಾ ಪತ್ರವನ್ನು ಹರಿದಿದ್ದರು. "ಸಹಿ ಹಾಕೋ ಧೈರ್ಯವಿಲ್ಲದವರ ಮಾತು. ಇನ್ನೂ ಮೂರು ವರ್ಷ ಇಲ್ಲೇ ಓದಲಿ," ಎಂದು ಕಾರು ಹತ್ತಿದರು.

ಸತ್ಯವತಿ ಬಾಗಿಲು ಹಾಕಿ ಗೆದ್ದವಳಂತೆ ತಿರುಗಿದಳು. ಐವರೂ ಅಳುತ್ತಿದ್ದರು. ಸಂತೋಷಕ್ಕಿರಬೇಕು ಎಂದುಕೊಂಡಳು.

"ಜಲಜಾ ಮೋಸ ಮಾಡಿದ್ರೇನು, ನಿಮ್ಮ ಆಂಟಿ ಇಲ್ವೇ?"

ಸಲ್ಮಾ ಕಣ್ಣೊರೆಸಿಕೊಂಡು ಅವಳನ್ನೇ ದಿಟ್ಟಿಸಿದಳು.

"ಮೋಸ ಮಾಡಿದ್ದು ನೀವು, ಆಂಟಿ. ನಾವಾಗಿ ಮನೆಗೆ ಹೋಗ್ತೀವಿ ಅಂದ್ರೆ ಅಪ್ಪಂದಿರ ಮಾನ ಹೋಗುತ್ತೆ, ಆಫೀಸಿನವರೇ ಕಳಿಸಲಿ ಅಂತ ಆ ಪತ್ರ ಬರೆದದ್ದು ನಾವೇ ಐದು ಜನ."