ಒಂದೇ ಕುರ್ಚಿ ಬೇಕಾದವರು

“ಸರ್, ಈ ಕುರ್ಚಿ ಪ್ರಶ್ನೆಗೆ ನೀವು ಹಾಕಿರೋ ಅಂಕ ನೋಡಿ ನಮ್ಮ ಪ್ರೊಫೆಸರ್ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ,” ಎಂದು ಸಂಶೋಧಕಿ ಹಾಳೆಯನ್ನು ವಿಚಾರಣೆಯವರ ಮುಂದೆ ಸರಿಸಿದಳು.

ವಿಚಾರಣೆಯವರು ಎಂಬುದು ಆ ಪ್ರಯೋಗಾಲಯದಲ್ಲಿ ಅವರಿಗೆ ಬಿದ್ದ ಹೆಸರು. ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು. ಈಗಿನದೂ ಒಂದು ಬಗೆಯಲ್ಲಿ ಅದೇ ಕೆಲಸ. ಯಾರೋ ಎಲ್ಲೋ ಕೂತು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿರುತ್ತಾರೆ. ಯಂತ್ರ ಹತ್ತು ಪುಟ ತಂದು ಸುರಿದಿರುತ್ತದೆ. ಹುಡುಕಿದವರಿಗೆ ಯಾವ ಪುಟ ಎಷ್ಟು ಉಪಯೋಗವೆಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು. ಮೂವರು ಬೇರೆ ಬೇರೆಯಾಗಿ ಕೂತು ಹಾಕುತ್ತಾರೆ, ಮೂವರದ್ದೂ ಹೆಚ್ಚುಕಡಿಮೆ ಹೊಂದಬೇಕು. ವಿಚಾರಣೆಯವರದ್ದು ಹೊಂದುತ್ತಿರಲಿಲ್ಲ. ಈ ತಿಂಗಳೂ ಹೊಂದದಿದ್ದರೆ ಅವರನ್ನು ಕೈಬಿಡುವುದೆಂದು ತೀರ್ಮಾನವಾಗಿತ್ತು. ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದ ಆ ಮನುಷ್ಯನಿಗೆ ದಿನಕ್ಕೆ ನಾಲ್ಕು ಮಾತಾಡಲು ಉಳಿದಿದ್ದ ಜಾಗ ಇದೊಂದೇ. ಆ ಸಾವಿನ ಸುದ್ದಿಯನ್ನು ಅವರು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಹಾಳೆಯ ಮೇಲಿದ್ದ ಪ್ರಶ್ನೆ ಇಷ್ಟೇ: ‘ಊಟದ ಮೇಜಿಗೆ ಕುರ್ಚಿ, ಒಂದೇ ಬೇಕು, ಎಲ್ಲಿ ಸಿಗುತ್ತದೆ’. ಉಳಿದ ಇಬ್ಬರೂ ಕುರ್ಚಿಗಳನ್ನು ಬಿಡಿಯಾಗಿ ಮಾರುವ ಅಂಗಡಿಯ ಪುಟಕ್ಕೆ ಮೂರು ಕೊಟ್ಟು ಕೈತೊಳೆದುಕೊಂಡಿದ್ದರು. ವಿಚಾರಣೆಯವರು ಅದಕ್ಕೆ ಸೊನ್ನೆ ಬಾರಿಸಿದ್ದರು. ಅವರು ಮೂರು ಕೊಟ್ಟಿದ್ದು ಒಂದು ಊಟದ ಮನೆಯ ಪುಟಕ್ಕೆ. ಅಲ್ಲಿ ಗುರುತುಪರಿಚಯವಿಲ್ಲದವರೆಲ್ಲ ಒಂದೇ ಉದ್ದ ಮೇಜಿನ ಸುತ್ತ ಕೂತು ಉಣ್ಣುತ್ತಾರಂತೆ.

“ಇದ್ಯಾಕೆ ಸರ್? ಅವರು ಕೇಳಿದ್ದು ಕುರ್ಚಿ.”

“ಕೇಳೋದು ಒಂದು, ಬೇಕಾಗಿರೋದು ಇನ್ನೊಂದು ಕಣಮ್ಮ. ಕಿಟಕೀಲಿ ‘ಕೊನೇ ಗಾಡಿ ಎಷ್ಟು ಗಂಟೆಗೆ’ ಅಂತ ಕೇಳೋರು. ಕೈಯಲ್ಲಿ ಪೆಟ್ಟಿಗೆ ಇದ್ರೆ ಗಂಟೆ ಹೇಳಿ ಕಳಿಸ್ತಿದ್ದೆ. ಬರಿಗೈಲಿ ಬಂದು, ಕಣ್ಣು ಕೆಂಪಗೆ ಮಾಡ್ಕೊಂಡು ಕೇಳಿದ್ರೆ, ಒಳಗೆ ಬನ್ನಿ, ಕೂತ್ಕೊಂಡು ಸ್ವಲ್ಪ ನೀರು ಕುಡೀರಿ ಅಂತಿದ್ದೆ.”

“ಇಲ್ಲಿ ಮುಖ ಕಾಣಲ್ವಲ್ಲ ಸರ್.”

“ಕಾಣದೆ ಏನು? ಊಟಕ್ಕೆ ಒಂದೇ ಒಂದು ಕುರ್ಚಿ ಹುಡುಕೋರು ಯಾರು? ಎದುರಿಗೆ ಕೂತು ಉಣ್ಣೋರು ಇಲ್ಲದವರು. ಕುರ್ಚಿ ಕೊಡಿಸಿದ್ರೆ ಅವರಿಗೆ ತುತ್ತು ಇಳಿಯುತ್ತಾ?” ಬೇಡವೆಂದರೂ ಅವರ ದನಿ ಏರಿತು.

ಸಂಶೋಧಕಿ ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಯೋಚಿಸಿದಳು. ಹುಡುಕಿದವರ ಹಿಂದುಮುಂದು ಗೊತ್ತಾದರೆ ಅಂಕ ಬದಲಾಗುತ್ತದೆಯೇ ಎಂಬುದೇ ಅವಳ ಸಂಶೋಧನೆ. ಅದಕ್ಕಾಗಿ ಪ್ರತಿಯೊಬ್ಬರೂ ಆ ವಾರವೆಲ್ಲ ಏನೇನು ಹುಡುಕಿದರೆಂಬುದನ್ನು, ಹೆಸರು ಅಳಿಸಿ, ಬೇರೆ ಕಡತದಲ್ಲಿ ಇಟ್ಟಿದ್ದಳು. ಅಂಕ ಹಾಕುವ ಮುನ್ನ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ. ಈಗ ಅಂಕಗಳೆಲ್ಲ ಕೈಸೇರಿದ್ದವು. ಜೊತೆಗೆ ಈ ಹಿರಿಯರ ಮೊಂಡುತನ ಅವಳಿಗೆ ಒಳಗೊಳಗೇ ಇಷ್ಟವೂ ಆಗಿತ್ತು. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದಳು.

ಕುರ್ಚಿಯ ಹಿಂದಿನ ದಿನ ಅದೇ ವ್ಯಕ್ತಿ ಹುಡುಕಿದ್ದು: ‘ದತ್ತು ಮಗು ಮನೆಗೆ ಬಂದ ಮೊದಲ ದಿನ ಏನು ಮಾತಾಡಬೇಕು’. ಅದರ ಕೆಳಗೆ: ‘ಏಳು ವರ್ಷದ ಹುಡುಗಿ, ಚಪ್ಪಲಿ ಅಳತೆ’.

ವಿಚಾರಣೆಯವರು ಎರಡು ಸಲ ಓದಿದರು. ಕಾಣದ ಆ ಹುಡುಗಿಯ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ಬೆನ್ನಿಗೇ ನಾಚಿಕೆಯಾಗಿ ಜೀವ ಹಿಡಿಯಷ್ಟಾಯಿತು.

“ಆ ಮನೇಲಿ ಒಬ್ಬರು ಜಾಸ್ತಿ ಆಗಿದ್ದಾರೆ,” ಎಂದು ನಕ್ಕರು. “ನಾನು ಒಬ್ಬರು ಕಮ್ಮಿ ಆದ್ರು ಅಂದ್ಕೊಂಡೆ. ಸೊನ್ನೆ ನನಗೇ ಹಾಕ್ಬೇಕಿತ್ತು. ಬರ್ತೀನಮ್ಮ, ನಿಮ್ಮ ಪ್ರೊಫೆಸರಿಗೆ ನೀನೇ ಹೇಳಿಬಿಡು.” ಚೀಲವನ್ನು ಹೆಗಲಿಗೇರಿಸಿದರು.

“ಕೂತ್ಕೊಳ್ಳಿ ಸರ್, ಅವಸರ ಏನು? ಎರಡು ವರ್ಷದಿಂದ ಹುಡುಕಿದವರ ಹಿಂದುಮುಂದು ಕಲೆಹಾಕ್ತಾ ಇದ್ದೀನಿ. ಅಂಕ ಹಾಕೋರ ಬಗ್ಗೆ ಒಂದು ಸಾಲೂ ಬರ್ಕೊಂಡಿಲ್ಲ ನೋಡಿ, ಎಂಥಾ ದಡ್ಡಿ ನಾನು! ಅದೂ ಇದ್ರೆ ನಿಮ್ಮ ಅಂಕಕ್ಕೆ ಒಂದು ಕಾರಣ ಸಿಗುತ್ತೆ. ಕಾರಣ ಸಿಕ್ರೆ ನಿಮ್ಮನ್ನ ಬಿಡೋ ಹಾಗಿಲ್ಲ, ನೀವೂ ನನ್ನ ಸಂಶೋಧನೆಯೊಳಗೇ ಬಂದ ಹಾಗಾಯ್ತು.”

ಅವರು ಕೂತರು. ಚೀಲ ಮಾತ್ರ ಹೆಗಲಲ್ಲೇ ಇತ್ತು. ಅವಳು ಹೊಸದೊಂದು ಪಟ್ಟಿ ತೆರೆದು ವಯಸ್ಸು, ಓದು, ಕನ್ನಡಕದ ನಂಬರು ಎಲ್ಲ ಕೇಳುತ್ತಾ ಹೋದಳು. ವಿಚಾರಣೆಯವರು ಗಾಡಿಗಳ ವೇಳೆ ಹೇಳಿದಷ್ಟೇ ಸರಾಗವಾಗಿ ಹೇಳುತ್ತಾ ಹೋದರು.

“ಮನೇಲಿ ಯಾರ್ಯಾರು ಇದ್ದೀರಾ ಸರ್?”

ಮೂವತ್ತೊಂದು ವರ್ಷದಲ್ಲಿ ಯಾರ ಪ್ರಶ್ನೆಗೂ ಅವರು ತಡವರಿಸಿದವರಲ್ಲ. ಹನ್ನೊಂದು ತಿಂಗಳಿಂದ, ಯಾರಾದರೂ ಇದೊಂದನ್ನು ಕೇಳಲಿ ಎಂದು ಮನಸ್ಸು ಕಾದಿತ್ತು. ಈಗ ಕೇಳಿದಾಗ ಹೆಗಲ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಹೇಳದಿದ್ದರೆ ಈ ಜಾಗ ಹೋಗುತ್ತದೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ.

ದೊಡ್ಡ ಸಂಸಾರವಿರಬೇಕು, ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡಳು ಅವಳು. ಕಣ್ಣು ಪಟ್ಟಿಯ ಮೇಲೇ ಇತ್ತು. “ಹೆಸರೆಲ್ಲ ಬೇಡ ಸರ್. ಎಷ್ಟು ಜನ ಅಂತ ಹೇಳಿದ್ರೆ ಸಾಕು, ಇಲ್ಲಿ ಅಂಕಿ ಮಾತ್ರ ಹಿಡಿಯುತ್ತೆ.”

“ಒಂದು.”

ಅವಳು ಒತ್ತಲು ಹೋಗಿ ಬೆರಳನ್ನು ತಡೆದಳು. ಸಂಶೋಧನೆಯಲ್ಲಿ ಅನುಮಾನಕ್ಕೆ ಎಡೆ ಇರಬಾರದು.

“ನಿಮ್ಮನ್ನ ಬಿಟ್ಟಾ ಸರ್, ಸೇರಿಸಿನಾ?”

“ಸೇರಿಸಿನೇ ಬರ್ಕೊಳಮ್ಮ.”