ಓದಿಸದ ಚೊಂಗೆ

ಮೊಹರಂ ಬಂದರೆ ನಾನೀಗಿರುವ ಭಾಗ್ಯನಗರದಲ್ಲಿ ಪಕ್ಕದ ಮನೆಯವರು ಚೊಂಗೆ ಎಂಬ ಬೆಲ್ಲದ ರೊಟ್ಟಿ ಕೊಡುತ್ತಾರೆ. ಅದರ ಊದಿನ ವಾಸನೆಗೆ ಇಂದಿಗೂ ನನ್ನ ಕೈ ತಡೆಯುತ್ತದೆ.

ಚಿಕ್ಕಂದಿನಲ್ಲಿ, ನಮ್ಮ ಹಳ್ಳಿಯಲ್ಲಿ, ತಮ್ಮನಿಗೆ ಉಬ್ಬಸವಿತ್ತು. ಪ್ರತಿ ಮೊಹರಮ್ಮಿಗೆ ಚೊಂಗೆ ಮಾಡಿ, ಮಸೂತಿಯಲ್ಲಿ ಕೂರಿಸಿದ ಅಲಾಯಿ ದೇವರ ಮುಂದೆ ಮುಲ್ಲಾ ಕಾಕಾನಿಂದ ಫಾತೆಹಾ ಓದಿಸಿ ಅವನಿಗೆ ತಿನ್ನಿಸುವ ಹರಕೆ ಅವ್ವನದು. ಓದಿಸದೆ ಯಾರೂ ಬಾಯಿಗಿಡುತ್ತಿರಲಿಲ್ಲ. ಆ ವರ್ಷ ಮಸೂತಿಗೆ ಯಾರೂ ಹೋಗಕೂಡದೆಂದು ನಮ್ಮ ಓಣಿಯವರು ಕಟ್ಟು ಮಾಡಿದರು. ಅವ್ವ ಆದರೂ ಚೊಂಗೆ ಮಾಡಿದಳು.

ಮಧ್ಯಾಹ್ನ ಕಾಕಾ ತಾವೇ ಬಾಗಿಲಿಗೆ ಬಂದರು. "ಬುಟ್ಟಿ ತಗೊಂಡು ಬಾ ತಂಗಿ, ಇಲ್ಲೇ ನಿಂತು ಓದತೀನಿ."

ಅಪ್ಪ ಎದುರು ಕಟ್ಟೆಯ ಮೇಲೆ ಕೂತ ಓಣಿಯವರನ್ನು ನೋಡಿದ. "ಬ್ಯಾಡ್ರಿ ಕಾಕಾ, ನಡೀರಿ" ಎಂದು ಅಗಳಿ ಹಾಕಿದ.

"ಹುಡುಗ ಹ್ಯಾಂಗ ಅದಾನ?" ಕಾಕಾ ಹೊರಗಿನಿಂದ ಕೇಳಿದರು.

ಕೌದಿಯೊಳಗಿಂದ ತಮ್ಮ ಕೇಳಿದ, "ಯವ್ವಾ, ಓದಿಸಿದಿ?"

"ಹೂಂ, ಓದಿಸೀನಿ. ತಿನ್ನು ನನ್ನಪ್ಪಾ."

ಅವನು ಚೊಂಗೆಯನ್ನು ಕಣ್ಣಿಗೊತ್ತಿಕೊಂಡು ತಿಂದ. ನಾನು ಕೈ ಚಾಚಿದೆ. ಅವ್ವ ಬುಟ್ಟಿಗೆ ಬಟ್ಟೆ ಮುಚ್ಚಿದಳು.

ಮರುವರ್ಷ ಓಣಿಯವರೆಲ್ಲ ಮತ್ತೆ ಮಸೂತಿಗೆ ಹೋದರು. ಅವ್ವ ಚೊಂಗೆ ಮಾಡಲಿಲ್ಲ. ತಿನ್ನಲು ತಮ್ಮ ಇರಲಿಲ್ಲ.